ಹಳದಿಯ ರುಚಿ

ಆ ಪೇಟೆಯಲ್ಲಿ ಯಾವ ಅಂಗಡಿಯ ಮುಂದೆ ನಿಂತು ತಲೆ ಎತ್ತಿದರೂ ಬೋರ್ಡಣ್ಣನ ಕೈಬರಹ ಕಾಣುತ್ತಿದ್ದ ಕಾಲವೊಂದಿತ್ತು. ಔಷಧಿ ಅಂಗಡಿ, ಬೇಕರಿ, ಕ್ಷೌರದಂಗಡಿ, ಶಾಲೆಯ ಗೇಟು, ಲಾರಿಗಳ ಬೆನ್ನು, ಕೊನೆಗೆ ಬಸ್ ನಿಲ್ದಾಣದ ಶೌಚಾಲಯದ ಗೋಡೆ ಕೂಡ. ಆ ಗೋಡೆಯ ಮೇಲೆ ‘ಗಂಡಸರು’ ಎಂದು ಬರೆಯಲು ಅವನು ಅರ್ಧ ದಿನ ತೆಗೆದುಕೊಂಡಿದ್ದ. ಒಳಗೆ ಹೋಗಬೇಕಾದವರು ಏಣಿಯ ಕೆಳಗೆ ಕಾಲು ಬದಲಿಸುತ್ತ ನಿಂತಿದ್ದರೂ ಅವನು ತಿರುಗಿ ನೋಡಲಿಲ್ಲ. ಅಕ್ಷರ ಅಕ್ಷರದ ಹಾಗಿರಬೇಕು, ಎಲ್ಲಿದ್ದರೇನು ಎಂಬುದು ಅವನ ಹಟ.

ಅವನ ಕೆಲಸದ ರೀತಿ ಹೀಗಿತ್ತು. ಒಂದು ಅಕ್ಷರ ಮುಗಿಯಿತೆಂದರೆ ಕುಂಚವನ್ನು ಸೀಮೆಎಣ್ಣೆಯಲ್ಲಿ ಅಲುಗಿಸುವುದು, ಬಟ್ಟೆಗೆ ಒಮ್ಮೆ ಒರೆಸುವುದು, ಆಮೇಲೆ ತುಟಿಗಳ ನಡುವೆ ಇಟ್ಟು ಒಂದು ಸುತ್ತು ತಿರುಗಿಸುವುದು. ಹೊರಗೆ ಬರುವಾಗ ತುದಿ ಸೂಜಿಯಾಗಿರುತ್ತಿತ್ತು. “ಬಟ್ಟೆಗೇ ತಿಕ್ಕಿದ್ರೆ ಕೂದಲು ಸೀಳತ್ತೆ ಕಣೋ, ತುಟಿಗೆ ಕೊಡು” ಎಂದು ಕೆಲಸ ಕಲಿಸಿದ ಮೇಸ್ತ್ರಿ ಹೇಳಿದ್ದು ಹದಿನೇಳನೆಯ ವಯಸ್ಸಿನಲ್ಲಿ. ಈಗ ಅವನಿಗೆ ಐವತ್ತೆರಡು. ಅಷ್ಟು ವರ್ಷಗಳಲ್ಲಿ ಎಷ್ಟು ಅಕ್ಷರ, ಎಷ್ಟು ಸಲ ತುಟಿ ಎಂದು ಲೆಕ್ಕ ಹಾಕಲು ಹೊರಟರೆ ತಲೆ ಗಿರ್ರೆನ್ನುತ್ತದೆ, ಬಿಡಿ. ಬಣ್ಣಗಳ ರುಚಿಯೆಲ್ಲ ಅವನಿಗೆ ಗೊತ್ತಿತ್ತು. ಕಪ್ಪು ಕಹಿ, ನೀಲಿ ಸಪ್ಪೆ, ಹಳದಿ ಮಾತ್ರ ಒಂಚೂರು ಸಿಹಿ ಎನ್ನುತ್ತಿದ್ದ. “ಹಂಗಾದ್ರೆ ನಿನ್ನ ಟೀಗೆ ಸಕ್ಕರೆ ದಂಡ” ಎಂದು ಟೀ ಅಂಗಡಿಯಲ್ಲಿ ನಗುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಅವನು ತಪ್ಪದೆ ಒಂದು ಲೋಟ ಹಾಲು ಕುಡಿಯುತ್ತಿದ್ದ. ಒಳಗೆ ಹೋದ ಬಣ್ಣವನ್ನೆಲ್ಲ ಹಾಲು ತೊಳೆದುಕೊಂಡು ಹೋಗುತ್ತದೆ ಎಂದು ಮೇಸ್ತ್ರಿಯೇ ಹೇಳಿದ್ದ. ಮೇಸ್ತ್ರಿಗೆ ಯಾರು ಹೇಳಿದ್ದರೋ!

ಮನೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಯ ಮೂಲೆ. ಅದೇ ಮನೆ, ಅದೇ ಕಾರ್ಖಾನೆ. ಕಿಟಕಿಯ ಪಕ್ಕದ ಗೋಡೆ ನೋಡಬೇಕಿತ್ತು ನೀವು. ಕುಂಚ ಒರೆಸಿದ್ದು, ಬಣ್ಣ ಪರೀಕ್ಷೆ ಮಾಡಿದ್ದು, ಅಕ್ಷರದ ಬಾಗು ಅಭ್ಯಾಸ ಮಾಡಿದ್ದು ಎಲ್ಲ ಆ ಗೋಡೆಯ ಮೇಲೆಯೇ. ಮೂವತ್ತು ವರ್ಷಗಳಲ್ಲಿ ಅದರ ಮೇಲೆ ಬೆರಳು ದಪ್ಪದ ತೊಗಟೆ ಬೆಳೆದಿತ್ತು. ಬಿಸಿಲಿಗೆ ಅದು ಬಿರಿದು ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. ಚಾಪೆಯ ಮೇಲೆ, ಒಲೆಯ ಮೇಲೆ, ನೀರಿನ ಪಾತ್ರೆಯೊಳಗೆ. ಬೋರ್ಡಣ್ಣ ನೀರಿನಿಂದ ಬೆರಳಲ್ಲಿ ಚಕ್ಕೆ ತೆಗೆದು ಬಿಸಾಡಿ ಕುಡಿಯುತ್ತಿದ್ದ.

ಆ ಕೋಣೆಗೆ ಬರುವವರು ಯಾರೂ ಇರಲಿಲ್ಲ. ಯಾಕೆಂದರೆ ಅವನ ಕೋಪ ಮೂಗಿನ ತುದಿಯಲ್ಲಿ ಇರುತ್ತಿತ್ತು ಎಂದರೆ ಕಡಿಮೆಯಾಯಿತು. ಮೂಗಿಗಿಂತ ಒಂದು ಗೇಣು ಮುಂದೆಯೇ ನಡೆಯುತ್ತಿತ್ತು. ಟೀ ಆರಿದೆ ಎಂದು ಲೋಟ ಎಸೆದ ದಿನದಿಂದ ಟೀ ಅಂಗಡಿಯವರು ಮಾತು ಬಿಟ್ಟರು. ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರು ಒಬ್ಬೊಬ್ಬರಾಗಿ ಕೈಮುಗಿದು ಹೋದರು. ಕೆಳಗಿನ ಸೈಕಲ್ ಅಂಗಡಿಯವನು ಬೋರ್ಡಣ್ಣ ಬರೆದಿದ್ದ ಬೋರ್ಡು ಇಳಿಸಿ ಅಲ್ಲಿ ಫ್ಲೆಕ್ಸ್ ಕಟ್ಟಿಸಿದಾಗ ನಡುಬೀದಿಯಲ್ಲಿ ಆದ ಜಗಳವನ್ನು ಜನ ಕೆಲಸ ಬಿಟ್ಟು ನಿಂತು ನೋಡಿದ್ದರು. ಆಮೇಲೆ ಎರಡು ವರ್ಷ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ. ಮದುವೆಯ ಮಾತು ಬಂದ ಕಾಲದಲ್ಲಿ ಅವನು “ತಂಗಿ ದೊಡ್ಡವಳಾಗ್ಲಿ” ಎಂದಿದ್ದ. ತಂಗಿ ದೊಡ್ಡವಳಾದ ಮೇಲೆ ಕೇಳುವವರೇ ಉಳಿದಿರಲಿಲ್ಲ. ಹಾಗಾಗಿ ಅವನು ಒಬ್ಬನೇ ಬೇಯಿಸಿಕೊಂಡು, ಒಬ್ಬನೇ ಉಂಡು, ತಟ್ಟೆಯ ಎದುರಿಗೆ ಗೋಡೆಯನ್ನು ನೋಡುತ್ತ ಕೂರುತ್ತಿದ್ದ. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಬಾಯಿಗೆ ಕೆಲಸ ಕೊಡುತ್ತಿದ್ದದ್ದು ಕುಂಚ ಮಾತ್ರ.

ಈ ತಂಗಿಯ ವಿಷಯ ಹೇಳಲೇಬೇಕು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೆರಡು, ಅವಳಿಗೆ ನಾಲ್ಕು. ನೆಂಟರೆಲ್ಲ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡು ಕೈತೊಳೆದುಕೊಂಡರು. ಅವನು ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಕೋಣೆಗೆ ಬಂದ. ತಲೆ ಬಾಚಿದ, ಜಡೆ ಹಾಕಿದ, ಜ್ವರ ಬಂದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ಅವಳ ಆಟಿಕೆ ಎಂದರೆ ಖಾಲಿ ಬಣ್ಣದ ಡಬ್ಬಗಳು. ಅಣ್ಣ ಬರೆಯುವಾಗ ಪಕ್ಕದಲ್ಲಿ ಕೂತು ಸವೆದ ಕುಂಚ ಹಿಡಿದು ಅವನು ಮಾಡಿದ ಹಾಗೆಯೇ ತುಟಿಗಿಟ್ಟು ತಿರುಗಿಸುತ್ತಿದ್ದಳು. ಹಳದಿ ಡಬ್ಬ ಅವಳಿಗೆ ಅಚ್ಚುಮೆಚ್ಚು. ತುಟಿಯೆಲ್ಲ ಹಳದಿ ಮಾಡಿಕೊಂಡು ಬಂದವಳನ್ನು ಅವನು ಎತ್ತಿಕೊಂಡು ಹೋಗಿ ಟೀ ಅಂಗಡಿಯಲ್ಲಿ ತೋರಿಸಿದ್ದ. “ನೋಡ್ರಪ್ಪಾ ನನ್ನ ಶಿಷ್ಯೆ!” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದ. ಆಗಿನ್ನೂ ಅಲ್ಲಿ ಅವನ ಜೊತೆ ಮಾತಾಡುತ್ತಿದ್ದರು.

ಶಾಲೆಗೆ ಹಾಕಿದ ಮೇಲೆ ಶುರುವಾಯಿತು ಗ್ರಹಚಾರ. ಅಕ್ಷರ ಅವಳ ತಲೆಗೆ ಹತ್ತಲೇ ಇಲ್ಲ. ಇವತ್ತು ತಿದ್ದಿದ್ದು ನಾಳೆಗಿಲ್ಲ. ಕೂತಲ್ಲಿ ಕೂರಳು, ಕೇಳಿದ್ದಕ್ಕೆ ಕಣ್ಣುಕಣ್ಣು ಬಿಡುವಳು. ಊರಿಗೆಲ್ಲ ಅಕ್ಷರ ಬರೆದು ಕೊಡುವವನ ಮನೆಯಲ್ಲಿ ಇಂಥ ಹುಡುಗಿ ಎಂದರೆ ಅವನಿಗೆ ತಡೆಯಲಾಗಲಿಲ್ಲ. ಕುಂಚದ ಹಿಡಿಯಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದ. “ಮಂಕು” ಎಂದು ಕರೆಯತೊಡಗಿದ. ಮೊದಮೊದಲು ಕೋಪದಲ್ಲಿ, ಆಮೇಲೆ ಅಭ್ಯಾಸದಲ್ಲಿ, ಕೊನೆಕೊನೆಗೆ ಪ್ರೀತಿಯಲ್ಲೂ ಅದೇ. ಏಳನೇ ಕ್ಲಾಸಿನಲ್ಲಿ ಒಂದು ಮಧ್ಯಾಹ್ನ ಅವಳ ಇಬ್ಬರು ಗೆಳತಿಯರು ಬಂದು ನಿಂತಿದ್ದಾಗಲೇ ಅವಳ ನೋಟ್‌ಬುಕ್ ತೆಗೆದು ನೋಡಿ, “ಇದು ಅಕ್ಷರಾನಾ? ಕೋಳಿ ಕೆದರಿದ ಹಾಗಿದೆ!” ಎಂದು ಕಿರುಚಿ ಅದನ್ನು ಮೆಟ್ಟಿಲ ಕೆಳಗೆ ಎಸೆದ. ಪುಸ್ತಕ ಒಂದೊಂದೇ ಮೆಟ್ಟಿಲು ಉರುಳಿ ಸೈಕಲ್ ಅಂಗಡಿಯ ಮುಂದೆ ಬಿತ್ತು. ಅವಳು ಇಳಿದು ಹೋಗಿ ಎತ್ತಿಕೊಂಡಳು. ಮಾರನೆಯ ದಿನದಿಂದ ಶಾಲೆಗೆ ಹೋಗಲಿಲ್ಲ. ಅವನೆದುರು ಒಂದು ಅಕ್ಷರವನ್ನೂ ಮತ್ತೆ ಬರೆಯಲಿಲ್ಲ.

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗೆ ಸೇರಿದಳು, ಅಲ್ಲಿಗೆ ಬರುತ್ತಿದ್ದ ಕ್ರೇನ್ ಓಡಿಸುವವನನ್ನು ಮದುವೆಯಾದಳು, ಬಸ್ಸಿನಲ್ಲಿ ಆರು ಗಂಟೆ ದೂರದ ಊರಿಗೆ ಹೋದಳು. ವರ್ಷಕ್ಕೆ ಎರಡು ಸಲ ಫೋನು. “ಊಟ ಆಯ್ತಾ ಅಣ್ಣ?” “ಆಯ್ತು.” “ಹುಷಾರಾಗಿದೀಯಾ?” “ಹೂಂ.” ಅಷ್ಟೇ. ಮಗು ಹುಟ್ಟಿದ್ದನ್ನೂ ಅವನು ಕೇಳಿದ್ದು ಫೋನಿನಲ್ಲಿ. ನೋಡಲು ಹೋಗಬೇಕೆಂದು ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ, ಬಾ ಎಂದು ಅವಳು ಕರೆಯಲಿಲ್ಲವಲ್ಲ ಎಂದು ವಾಪಸು ಬಂದಿದ್ದ. ಆ ಎರಡೂ ದಿನ ಅವನು ಅತ್ತಿದ್ದ. ಅದು ಯಾರಿಗೂ ಗೊತ್ತಿಲ್ಲ, ನಾನು ಹೇಳಿದರೆ ಉಂಟು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳ ಫೋನು ಬಂತು.

“ಅಣ್ಣ, ಇವ್ರಿಗೆ ಮೂರು ತಿಂಗಳು ದೂರದ ಕೆಲ್ಸ ಬಂದಿದೆ. ಇಲ್ಲಿ ಮನೆ ಬಿಡ್ತಿದೀವಿ. ಅಲ್ಲೀವರ್ಗೂ ನಾನೂ ಮಗೂನೂ... ನಿನ್ನ ಹತ್ರ ಇರ್ಬೋದಾ?”

“ಇದೇನ್ ಕೇಳ್ತೀಯೇ ಮಂಕು! ಬಾ. ಯಾವತ್ತು ಬರ್ತೀಯ?” ಎಂದ, ಜಗಳಕ್ಕೆ ನಿಂತವನ ಹಾಗೆ. ಮೂರು ವಾರ ಬಿಟ್ಟು ಭಾನುವಾರ ಎಂದಳು.

ಆ ದಿನದಿಂದ ಮನುಷ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬರುವುದು ಎರಡು ವರ್ಷದ ಮಗು. ಈ ಹೊಲಸು ಗೋಡೆ ನೋಡಿದರೆ ಹೆದರುತ್ತದೆ ಎಂದುಕೊಂಡ. ಸುಮ್ಮನೆ ಮೇಲೊಂದು ಕೈ ಬಳಿದು ಮುಗಿಸುವ ಜಾತಿಯವನಲ್ಲ ಅವನು. ಹಳೆಯ ಬಣ್ಣವನ್ನು ಬುಡದವರೆಗೆ ಕೆರೆದು, ಉಜ್ಜಿ, ಗೋಡೆಯನ್ನು ಕನ್ನಡಿಯಂತೆ ನಯ ಮಾಡಿದ ಮೇಲೆಯೇ ಹೊಸ ಬಣ್ಣ. ಬಣ್ಣದವನಲ್ಲದೆ ಬೇರೆ ಯಾರೂ ಅಷ್ಟು ಶ್ರದ್ಧೆಯಿಂದ ಅಂಥ ತಪ್ಪು ಮಾಡಲಾರರು. ಆರು ದಿನ ಕೆರೆದ. ಪುಡಿ ಕೆಳಗಿನ ಅಂಗಡಿಗೆ ಬಿದ್ದರೆ ಆ ಫ್ಲೆಕ್ಸಿನವನ ಬಾಯಿಗೆ ಸಿಕ್ಕಬೇಕಾಗುತ್ತದೆಂದು ಕಿಟಕಿ ಬಾಗಿಲು ಮುಚ್ಚಿಕೊಂಡು ಕೆರೆದ. ಕೋಣೆ ತುಂಬ ಮಂಜು ಕವಿದ ಹಾಗೆ ಹಳದಿ ಕೆಂಪು ಪುಡಿ. ಅದರ ನಡುವೆಯೇ ಕೂತು ಉಂಡ, ಅದರ ನಡುವೆಯೇ ಮಲಗಿದ, ಬೆಳಿಗ್ಗೆ ಎದ್ದು ಪೊರಕೆಯಿಂದ ಗುಡಿಸಿ ಇನ್ನೊಮ್ಮೆ ಎಬ್ಬಿಸಿದ. ಯಾವತ್ತೂ ಹಾಡದವನು ಆ ಆರು ದಿನ ಏನೋ ಗುನುಗುತ್ತಿದ್ದನೆಂದು ಸೈಕಲ್ ಅಂಗಡಿಯವನು ಆಮೇಲೆ ಹೇಳಿದ.

ಹೊಟ್ಟೆನೋವು ಅವನಿಗೆ ಹೊಸದಲ್ಲ, ವರ್ಷಗಳಿಂದ ಬಂದುಹೋಗಿ ಮಾಡುತ್ತಿತ್ತು. ಈ ಸಲ ಬಂದದ್ದು ಹೋಗಲಿಲ್ಲ. ಕರುಳನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಹಲ್ಲು ಕಚ್ಚಿಕೊಂಡು ಗೋಡೆಗೆ ತಿಳಿ ಆಕಾಶದ ಬಣ್ಣ ಹೊಡೆದ. ಮಗುವಿನ ಕಣ್ಣಿಗೆ ಎಟುಕುವ ಎತ್ತರದಲ್ಲಿ ಒಂದು ಸಾಲು ಬಾತುಕೋಳಿ ಬರೆಯಬೇಕೆಂದು ಕೂತ. ಹಳದಿ ಅದ್ದಿ, ತುಟಿಗಿಟ್ಟು ತಿರುಗಿಸಿ, ಮೊದಲ ಬಾತುಕೋಳಿಯ ತಲೆ, ಕುತ್ತಿಗೆ, ಬೆನ್ನಿನ ಬಾಗು ಎಳೆದ. ಬಾಲದ ಹತ್ತಿರ ಬಂದಾಗ ಬಲಗೈಯ ಮಣಿಕಟ್ಟು ಕೆಳಗೆ ಬಿತ್ತು. ನೋವಿಲ್ಲ, ಏನಿಲ್ಲ, ದಾರ ಕಡಿದ ಗೊಂಬೆಯ ಕೈಯ ಹಾಗೆ ಜೋತುಬಿತ್ತು. ಕುಂಚ ನೆಲಕ್ಕೆ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಬರೆಯಲು ನೋಡಿದ. ಬಾತುಕೋಳಿಯ ಹೊಟ್ಟೆಯ ಮೇಲೆ ಒಂದು ಗೀಚು ಬಿತ್ತು. ಮೂವತ್ತೈದು ವರ್ಷಗಳಲ್ಲಿ ಮೊದಲ ಸಲ ಅವನಿಗೆ ತನ್ನ ಕೈ ಕಂಡು ಭಯವಾಯಿತು.

ಆಸ್ಪತ್ರೆಯ ಡಾಕ್ಟರಮ್ಮ ವಯಸ್ಸಿನಲ್ಲಿ ಅವನ ತಂಗಿಯಷ್ಟೇ ಇದ್ದಳು. ಕೈ ನೋಡಿದಳು, ಹೊಟ್ಟೆ ಒತ್ತಿದಳು.

“ಏನ್ ಕೆಲ್ಸ ಮಾಡ್ತೀರಿ?”

“ಬೋರ್ಡ್ ಬರೀತೀನಿ. ನಿಮ್ಮ ಆಸ್ಪತ್ರೆ ಬೋರ್ಡ್ ನಾನೇ ಬರ್ದಿದ್ದು. ಬಾಣದ ಗುರುತು ಮಾತ್ರ ಆಮೇಲೆ ಯಾರೋ ಕೆಡಿಸಿದಾರೆ.”

“ಬಾಯಿ ತೆಗೀರಿ.” ಅವಳು ಕೆಳತುಟಿ ಜಗ್ಗಿ ಒಸಡು ನೋಡಿದಳು. ಹಲ್ಲಿನ ಬುಡದಲ್ಲಿ ನೀಲಿ ಗೆರೆಯೊಂದಿತ್ತು. “ಕುಂಚ ಬಾಯಿಗೆ ಇಡ್ತೀರಾ?”

“ಇಡದೆ ಬರೆಯೋನು ಬೋರ್ಡ್ ಬರೆಯೋನೇ ಅಲ್ಲ.”

ರಕ್ತ ತೆಗೆದುಕೊಂಡಳು. ಮೂರು ದಿನ ಬಿಟ್ಟು ಮತ್ತೆ ಕರೆಸಿ ಎದುರಿಗೆ ಕೂರಿಸಿಕೊಂಡಳು. “ನಿಮ್ಮ ರಕ್ತದಲ್ಲಿ ಸೀಸ ಇದೆ. ಇರಬಾರದಷ್ಟು ಇದೆ. ಹಳದಿ, ಕೆಂಪು, ಅಂಥ ಬಣ್ಣಗಳಲ್ಲಿ ಇರತ್ತೆ ಅದು. ಬಾಯಿಂದ ಹೋಗಿದೆ, ಉಸಿರಿಂದ ಹೋಗಿದೆ. ಹೊಟ್ಟೆನೋವು, ಈ ಕೈ ಬಿದ್ದಿದ್ದು, ಎಲ್ಲಾ ಅದೇ.”

“ನಾನು ದಿನಾ ಹಾಲು ಕುಡೀತಿದ್ದೆ!”

“ಹಾಲಿಗೆ ಅದು ಹೋಗಲ್ಲ.”

ಮೂವತ್ತೈದು ವರ್ಷದ ಹಾಲು ನೀರಲ್ಲಿ ಹೋಮವಾಯಿತು. ಡಾಕ್ಟರಮ್ಮ ಬರೆದುಕೊಳ್ಳುತ್ತ, “ಕೋಪ ಜಾಸ್ತಿನಾ ನಿಮಗೆ?” ಎಂದಳು.

“ಯಾರ್ ಹೇಳಿದ್ದು ನಿಮಗೆ?” ಎಂದು ಬೋರ್ಡಣ್ಣ ಗುಡುಗಿದ. ಹೊರಗಿನ ಬೆಂಚಿನ ಮೇಲಿದ್ದವರು ಇಣುಕಿ ನೋಡಿದರು. ಅವಳು ಸಣ್ಣಗೆ ನಕ್ಕಳು. ಅವನಿಗೆ ನಾಚಿಕೆಯಾಯಿತು. ತಗ್ಗಿದ ಧ್ವನಿಯಲ್ಲಿ, “ಅದಕ್ಕೂ ಇದೇ ಕಾರಣ ಅಂತೀರಾ?” ಎಂದು ಕೇಳಿದ.

“ಸ್ವಲ್ಪ ಇರಬಹುದು. ಎಲ್ಲಾನೂ ಸೀಸದ ತಲೆಗೆ ಕಟ್ಟಕ್ಕಾಗಲ್ಲ.” ಈ ಮಾತಿಗಾಗಿಯೇ ಆ ಡಾಕ್ಟರಮ್ಮ ನನಗೆ ಹಿಡಿಸುತ್ತಾಳೆ. “ಮನೇಲಿ ಇನ್ಯಾರಿದಾರೆ?”

“ಯಾರೂ ಇಲ್ಲ. ಭಾನುವಾರ ತಂಗಿ ಬರ್ತಾಳೆ. ಮಗು ಕರ್ಕೊಂಡು. ಅದಕ್ಕೇ ಗೋಡೆಯೆಲ್ಲ ಕೆರೆದು ಹೊಸದು ಮಾಡಿದೀನಿ.”

ಅವಳ ಪೆನ್ನು ನಿಂತಿತು. ಹೇಗೆ ಕೆರೆದಿರಿ, ಎಷ್ಟು ದಿನ, ಪುಡಿ ಎಲ್ಲಿ ಹೋಯಿತು ಎಂದು ಬಿಡಿಸಿ ಬಿಡಿಸಿ ಕೇಳಿದಳು. ಆಮೇಲೆ, “ಆ ಮಗು ಆ ಕೋಣೆಗೆ ಕಾಲಿಡಬಾರದು” ಎಂದಳು. “ಗುಡಿಸಿದ್ರೆ ಅದು ಹೋಗಲ್ಲ, ಸಂದುಗೊಂದಿಯಲ್ಲೆಲ್ಲ ಕೂತಿರತ್ತೆ. ನೀವೂ ಅಲ್ಲಿ ಇರಕೂಡದು. ದೊಡ್ಡವರಿಗಿಂತ ಮಕ್ಕಳ ಮೈ ಅದನ್ನ ಜಾಸ್ತಿ ಹೀರ್ಕೊಳ್ಳತ್ತೆ. ತಲೆ ಬೆಳೆಯೋ ವಯಸ್ಸು ನೋಡಿ. ಓದು ಬರಹ ಹತ್ತಲ್ಲ, ಹೇಳಿದ್ದು ನೆನಪಿರಲ್ಲ, ಕೂತಲ್ಲಿ ಕೂರಲ್ಲ. ನೋಡೋರು ಮಗು ದಡ್ಡ ಅಂದ್ಕೋತಾರೆ.”

ಬೋರ್ಡಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಮುಂಚೆ ಒಂದು ಮಗು ಅಲ್ಲಿ ಬೆಳೆದಿತ್ತು. ನಾಲ್ಕು ವರ್ಷದಿಂದ. ಕುಂಚ ಬಾಯಿಗಿಟ್ಕೊಂಡು ಆಡ್ತಿತ್ತು” ಎಂದ. “ಅದಕ್ಕೂ... ಹಾಗೇ ಆಗಿರತ್ತಾ?”

“ಈಗ ಹೇಳೋದು ಕಷ್ಟ. ಆಗಿರಬಹುದು. ಯಾರ ಮಗು?”

ಅವನು ಎದ್ದುಬಂದ. ಮಾತ್ರೆಗಳ ಪೊಟ್ಟಣವನ್ನು ಮೇಜಿನ ಮೇಲೆಯೇ ಮರೆತಿದ್ದ; ನರ್ಸು ಹಿಂದೆ ಓಡಿಬಂದು ಕೊಟ್ಟಳು.

ಮನೆಗೆ ಬಂದರೆ ಮೆಟ್ಟಿಲು ಹತ್ತುವ ಮನಸ್ಸಾಗಲಿಲ್ಲ. ಹಳೆಯ ನೋಟ್‌ಬುಕ್ ಉರುಳಿದ ಮೆಟ್ಟಿಲುಗಳ ಮೇಲೆಯೇ ಕೂತ. ಫೋನು ಮಾಡಬೇಕಿತ್ತು. ಮನೆ ಮಾಲೀಕ ರಿಪೇರಿ ಮಾಡಿಸುತ್ತಿದ್ದಾನೆ ಎಂದು ಒಂದು ಸುಳ್ಳು ಹೇಳಿದರೆ ಮುಗಿದುಹೋಗುತ್ತಿತ್ತು. ತಂಗಿಗೆ ಬೇಸರವಾಗುತ್ತಿತ್ತು, ಅಷ್ಟೇ. ನಿಜ ಹೇಳಿದರೆ ಮೂವತ್ತು ವರ್ಷದ್ದೆಲ್ಲ ಹೇಳಬೇಕು. ಅದನ್ನು ಕೇಳಿದ ಮೇಲೆ ಅವಳು ವರ್ಷಕ್ಕೆರಡು ಸಲದ ಫೋನನ್ನೂ ನಿಲ್ಲಿಸಿದರೆ? ಅವನಿಗೆ ಈ ಲೋಕದಲ್ಲಿ ಇದ್ದದ್ದು ಆ ಎರಡು ಫೋನು ಮಾತ್ರ. ಎಡಗೈಯಿಂದ ನಂಬರು ಒತ್ತಿದ. ಅವಳು ಹಲೋ ಎನ್ನುತ್ತಲೇ ಸುಳ್ಳೂ ಬರಲಿಲ್ಲ, ನಿಜವೂ ಬರಲಿಲ್ಲ.

“ಭಾನುವಾರ ಬರ್ಬೇಡ. ಇಲ್ಲಿ ಆಗಲ್ಲ” ಎಂದ. ಧ್ವನಿ ಎಂದಿನಂತೆ ಗಡಸಾಗಿಯೇ ಬಂತು.

ಆ ಕಡೆಯಿಂದ ಮಗು ಏನೋ ತೊದಲುವುದು ಕೇಳಿಸಿತು. “ಗೊತ್ತಿತ್ತು ಅಣ್ಣ. ಕೇಳಿದ್ದೇ ನನ್ನ ತಪ್ಪು” ಎಂದು ಅವಳು ಇಟ್ಟುಬಿಟ್ಟಳು. ಮತ್ತೆ ಮಾಡಿದ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಾಗ ಫೋನು ಆಫ್ ಆಗಿತ್ತು.

ಬೆಳಗಿನ ಬಸ್ಸಿಗೆ ಹೋಗುವುದೆಂದು ನಿರ್ಧಾರ ಮಾಡಿದ. ಆದರೆ ಹಾಕಿಕೊಂಡು ಹೋಗುವುದೇನನ್ನು? ಅವನ ಒಂದೊಂದು ಅಂಗಿಯಲ್ಲೂ ಬಣ್ಣ, ಆ ಕೋಣೆಯ ಪುಡಿ. ಎರಡು ವರ್ಷದಿಂದ ಮಾತಿಲ್ಲದ ಸೈಕಲ್ ಅಂಗಡಿಯವನ ಮುಂದೆ ಹೋಗಿ ನಿಂತ. ಅವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ.

“ಒಂದು ಅಂಗಿ ಬೇಕಿತ್ತು.”

ಸೈಕಲ್ ಅಂಗಡಿಯವನು ತಲೆ ಎತ್ತಿ, ಅವನ ಮುಖ ನೋಡಿದ, ಜೋತುಬಿದ್ದ ಕೈ ನೋಡಿದ. “ಫ್ಲೆಕ್ಸ್ ಹರಿಯಕ್ಕೆ ಬಂದ್ಯೇನೋ ಅಂದ್ಕೊಂಡೆ” ಎಂದ. ಬೋರ್ಡಣ್ಣ ನಗಲಿಲ್ಲ, ನಿಂತಲ್ಲೇ ಎಲ್ಲವನ್ನೂ ಹೇಳಿದ. ಅಂಗಡಿಯವನು ಕೈ ಒರೆಸಿಕೊಂಡು ಒಳಗೆ ಹೋಗಿ ಒಗೆದ ಅಂಗಿ, ಪ್ಯಾಂಟು ತಂದ. “ಗ್ರೀಸ್ ವಾಸನೆ ಬರತ್ತೆ. ನೀನು ಹೇಳೋ ಆ ಸೀಸ ಮಾತ್ರ ಇಲ್ಲ. ಹಿಂದೆ ನಲ್ಲಿ ಇದೆ, ಮೈ ತೊಳ್ಕೋ. ಇವತ್ತು ಅಂಗಡೀಲೇ ಮಲ್ಕೋ.” ಸೋಪನ್ನೂ ಕೊಟ್ಟ. ಬೋರ್ಡಣ್ಣ ಕೈ, ಉಗುರು, ಕಿವಿಯ ಹಿಂದೆ ಎಲ್ಲ ಮೂರು ಸಲ ತಿಕ್ಕಿದ.

ಆರು ಗಂಟೆಯ ದಾರಿ. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತ ಹೋದ. ಅವಳ ಮನೆಯ ಬಾಗಿಲು ತೆರೆದಿತ್ತು. ಒಳಗೆ ಪೆಟ್ಟಿಗೆಗಳನ್ನು ಹಗ್ಗದಿಂದ ಕಟ್ಟಿ ಜೋಡಿಸಿದ್ದರು, ಅವನ ಮನೆಗೆ ಬರಲೆಂದೇ ಕಟ್ಟಿದ್ದು. ಅವಳು ಹೊಸ್ತಿಲಲ್ಲಿ ನಿಂತಳು. ಕಾಲಿಗೆ ಅಂಟಿಕೊಂಡು ಮಗು.

“ಬಯ್ಯೋದು ಬಾಕಿ ಇತ್ತಾ, ಇಲ್ಲೀವರ್ಗೂ ಬಂದ್ಯಲ್ಲ?” ಎಂದಳು.

“ನಾನು ಒಳಗೆ ಬರಲ್ಲ. ಮಗೂನ ಮುಟ್ಟಲ್ಲ. ಹೇಳೋದು ಹೇಳಿ ಹೋಗ್ತೀನಿ” ಎಂದು ಅವನು ಹೊರಗಿನ ಕಟ್ಟೆಯ ಮೇಲೆ ಕೂತ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಕೈಯಿಂದ ಶುರುಮಾಡಿದ, ಸೀಸಕ್ಕೆ ಬಂದ, ಗೋಡೆ ಕೆರೆದದ್ದು ಹೇಳಿದ, ಡಾಕ್ಟರಮ್ಮನ ಮಾತು ಹೇಳಿದ. ಹಳದಿ ಡಬ್ಬದ ಹತ್ತಿರ ಬಂದಾಗ ಅಳು ಬಂತು, ಒರೆಸಿಕೊಳ್ಳದೆ ಹೇಳಿದ. “ನೀನು ತುಟಿಯೆಲ್ಲ ಹಳದಿ ಮಾಡ್ಕೊಂಡು ಬಂದಾಗ ನಾನು ನಕ್ಕಿದ್ದೆ. ಊರಿಗೆಲ್ಲ ತೋರ್ಸಿದ್ದೆ. ವಿಷ ತಿನ್ಸಿದ್ದೂ ನಾನೇ, ಆಮೇಲೆ ಅಕ್ಷರ ಬರಲ್ಲ ಅಂತ ಹೊಡೆದಿದ್ದೂ ನಾನೇ. ನಿನ್ನ ತಪ್ಪೇನೂ ಇರ್ಲಿಲ್ಲ.”

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮೂವತ್ತನಾಲ್ಕು ವರ್ಷದ ಹೆಂಗಸು, ಮನೆ ತೂಗಿಸಿದವಳು, ಒಂದು ಮಗುವಿನ ತಾಯಿ. ಕೇಳಿದ್ದು ಮಾತ್ರ ಏಳನೇ ಕ್ಲಾಸಿನ ಹುಡುಗಿಯ ಧ್ವನಿಯಲ್ಲಿ.

“ಅಂದ್ರೆ ನಾನು ದಡ್ಡಿ ಅಲ್ವಾ ಅಣ್ಣ?”

“ಅಲ್ಲ. ಯಾವತ್ತೂ ಅಲ್ಲ.”

ಆಮೇಲೆ ಅವಳು ಸಿಡಿದಳು. ಅಬ್ಬಬ್ಬಾ, ಅಣ್ಣನ ಕೋಪವೆಲ್ಲ ಅವಳಲ್ಲೂ ಇತ್ತು, ಮುಚ್ಚಿಟ್ಟಿದ್ದಳಷ್ಟೇ. ಬಸ್ಸಿನ ಬೋರ್ಡು ಓದಲು ಇವತ್ತಿಗೂ ಪಕ್ಕದವರನ್ನು ಕೇಳುವುದು, ಕಾರ್ಖಾನೆಯಲ್ಲಿ ಸಹಿ ಹಾಕುವಾಗ ಕೈ ನಡುಗುವುದು, ಮಗು ಮಾತಾಡಲು ಎರಡು ತಿಂಗಳು ತಡಮಾಡಿದಾಗ ನನ್ನ ಹಾಗೇ ಆಗುತ್ತದೇನೋ ಎಂದು ದಿನಾ ಹೆದರಿದ್ದು, ಎಲ್ಲವನ್ನೂ ಕೂಗಿ ಕೂಗಿ ಹೇಳಿದಳು. “ಕೈ ನೋವಾಗ್ತಿದ್ದಿದ್ದು ನಿಂಗೆ ಗೊತ್ತಾಗ್ತಿರ್ಲಿಲ್ವಾ? ಬೆರಳು ಊದ್ಕೊಂಡಿರ್ತಿತ್ತಲ್ಲ, ಅದನ್ನೂ ಸೀಸಾನೇ ಹೊಡೀತಾ?” ಎಂದಳು.

“ಇಲ್ಲ. ಅದು ನಾನೇ” ಎಂದ ಬೋರ್ಡಣ್ಣ. ಹಿಂದೆಯಾಗಿದ್ದರೆ ಯಾರ ಒಂದು ಮಾತಿಗೂ ಅವನು ಹತ್ತು ಮಾತು ಎಸೆಯುತ್ತಿದ್ದ. ಆ ದಿನ ತಲೆ ತಗ್ಗಿಸಿಕೊಂಡು ಕೇಳಿದ.

ಕೂಗಿ ಸಾಕಾಗಿ ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. ಮಗು ಕಟ್ಟೆಯ ಹತ್ತಿರ ಬಂದು ಅವನ ಜೋತುಬಿದ್ದ ಕೈ ಕಡೆ ತನ್ನ ಕೈ ಚಾಚಿತು. ಅವನು ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡ. ಎಷ್ಟು ತೊಳೆದರೂ ಅವನಿಗೆ ಧೈರ್ಯ ಬಂದಿರಲಿಲ್ಲ. ಅವಳು ಅದನ್ನು ನೋಡಿದಳು. ಎದ್ದುಹೋಗಿ ನೀರು ತಂದುಕೊಟ್ಟಳು.

“ಎಲ್ಲಿರ್ತೀರಿ ಈಗ?” ಎಂದು ಅವನು ಕೇಳಿದ.

“ಇವ್ರ ಜೊತೇನೇ ಹೋಗ್ತೀವಿ. ಕೆಲ್ಸದ ಜಾಗದಲ್ಲಿ ಒಂದು ಶೆಡ್ ಕೊಡ್ತಾರಂತೆ. ನೀನು?”

“ಸೈಕಲ್ ಅಂಗಡಿ ಹಿಂದೆ ಒಂದು ಮೂಲೆ ಇದೆ. ನೀನೂ ಒಂದ್ಸಲ ರಕ್ತ ತೋರಿಸ್ಕೋ.”

“ಮಾತ್ರೆ ಕೊಟ್ಟಿದಾರಾ? ಹೆಂಗೆ ತಗೋಬೇಕು, ಗೊತ್ತಾ?”

ಡಾಕ್ಟರಮ್ಮ ಬಾಯಲ್ಲಿ ಹೇಳಿದ್ದು ಅವನಿಗೆ ಅರೆಬರೆ ನೆನಪಿತ್ತು. ಪೊಟ್ಟಣದ ಮೇಲಿನ ಗೀಚು ಅವನಿಗೂ ಓದಲಾಗುವಂತಿರಲಿಲ್ಲ. ಬರೆದಿಟ್ಟುಕೊಳ್ಳೋಣವೆಂದರೆ ಪೆನ್ನು ಹಿಡಿಯುವ ಕೈ ಇಲ್ಲ. ಅವಳು ಒಳಗೆ ಹೋದಳು. ಬರುವಾಗ ಕೈಯಲ್ಲಿ ಕ್ಯಾಲೆಂಡರಿನ ಹಿಂಬದಿಯ ಹಾಳೆ, ಪೆನ್ನು. ಹೊಸ್ತಿಲ ಮೇಲೆ ಕೂತು, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು, “ಹೇಳು” ಎಂದಳು.

ಅವನು ಹೇಳಿದ. ಬೆಳಿಗ್ಗೆ ಬಿಳಿಯದು ಒಂದು. ಮಧ್ಯಾಹ್ನ ಊಟ ಆದಮೇಲೆ ಒಂದು. ರಾತ್ರಿ ಎರಡು. ಅವಳು ನಾಲಗೆ ಕಚ್ಚಿಕೊಂಡು, ಒಂದೊಂದು ಅಕ್ಷರಕ್ಕೂ ನಿಂತು, ಹೊಡೆದುಹಾಕಿ ಮತ್ತೆ ಬರೆದಳು. ಮೂರು ಸಾಲಿಗೆ ಕಾಲು ಗಂಟೆ ಹಿಡಿಯಿತು. ಅವನು ಅಷ್ಟು ಹೊತ್ತೂ ರಸ್ತೆ ನೋಡುತ್ತ ಕೂತಿದ್ದ. ಮುಗಿಸಿ ಹಾಳೆ ಚಾಚಿದವಳು ಅವನ ಮುಖವನ್ನೇ ನೋಡಿದಳು. ಹೊಡೆತಕ್ಕೆ ಕಾಯುವ ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಓದಕ್ಕೆ ಬರತ್ತೆ” ಎಂದ. “ಚೆನ್ನಾಗಿ ಓದಕ್ಕೆ ಬರತ್ತೆ, ತಂಗಿ.”

ಮಂಕು ಎನ್ನಲಿಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು. ಅವಳು ಮಗುವನ್ನು ಎತ್ತಿಕೊಂಡಳು. ಬಸ್ಸಿನ ಹೊತ್ತಾಯಿತು ಎಂದಾಗ ಇರು ಎನ್ನಲಿಲ್ಲ. ಫೋನು ಮಾಡುತ್ತೇನೆಂದೂ ಹೇಳಲಿಲ್ಲ. ತಿರುವಿನವರೆಗೆ ಅವನು ಮೂರು ಸಲ ಹಿಂದಿರುಗಿ ನೋಡಿದ. ಮೂರು ಸಲವೂ ಅವಳು ಬಾಗಿಲಲ್ಲೇ ಇದ್ದಳು.

ಮಾರನೆಯ ದಿನ ಮಧ್ಯಾಹ್ನ ಅವನು ಸೈಕಲ್ ಅಂಗಡಿಯ ಹಿಂದಿನ ಮೂಲೆಯಲ್ಲಿ ಒಬ್ಬನೇ ಉಂಡ. ಮೇಲೆ ಬೀಗ ಹಾಕಿದ ಕೋಣೆಯಲ್ಲಿ ಬಾಲವಿಲ್ಲದ ಬಾತುಕೋಳಿ ಆಕಾಶದ ಬಣ್ಣದ ಗೋಡೆಯ ಮೇಲೆ ಹಾಗೆಯೇ ಇತ್ತು. ಜೇಬಿನಿಂದ ಹಾಳೆ ತೆಗೆದು ಎಡಗೈಯಿಂದ ಬಿಡಿಸಿದ. ಅಕ್ಷರಗಳು ಓರೆ, ಸಾಲು ಕೆಳಕ್ಕೆ ಜಾರಿತ್ತು, ಎರಡು ಕಡೆ ಪೆನ್ನು ಹಾಳೆಯನ್ನು ತೂರಿತ್ತು. ಓಡುವ ಬಸ್ಸಿನಿಂದಲೇ ಬೇರೆಯವರ ಬೋರ್ಡಿನ ತಪ್ಪು ಹಿಡಿಯುತ್ತಿದ್ದ ಕಣ್ಣು ಅದು. ಆ ಮೂರು ಸಾಲಿನ ಮೇಲೆ ಮೆಲ್ಲಗೆ ಹೋಗಿ ಬಂತು. ಮತ್ತೊಮ್ಮೆ ಹೋಗಿ ಬಂತು. ಮಧ್ಯಾಹ್ನ ಊಟ ಆದಮೇಲೆ ಒಂದು ಎಂದಿತ್ತು. ಅವನು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ.